ಗೋಕುಲ ರಸ್ತೆಯ ಗಾಳಿ ಲೆಕ್ಕ: ಮಳೆಗೆ ಮುಂಚೆ ಮುಗಿಸಿದ ಕೆಲಸ

ಹುಬ್ಬಳ್ಳಿಯ ನಮ್ಮ ಮಾಳಿಗೆ ಮೇಲೆ ಗಾಳಿಯ ಧೂಳು ಅಳೆಯುವ ಹಳೆ ಸೆನ್ಸರ್ ಪಕ್ಕದಲ್ಲೇ ಹೊಸದನ್ನು ಕೂರಿಸಿ, ಮೇ ತಿಂಗಳಿಡೀ ಎರಡನ್ನೂ ಜೊತೆಯಾಗಿ ಓಡಿಸಿದೆ. ಎರಡೂ ಎಸ್‌ಡಿಎಸ್011 ಎಂಬ ಮಾದರಿ. ಒಳಗಿನ ಪುಟ್ಟ ಫ್ಯಾನ್ ಗಾಳಿ ಎಳೆದುಕೊಳ್ಳುತ್ತದೆ, ಲೇಸರ್ ಬೆಳಕು ಕಣಗಳಿಗೆ ಬಡಿದು ಚದುರುತ್ತದೆ, ಚದುರಿದ ಬೆಳಕಿನಿಂದ ಪಿಎಂ2.5, ಅಂದರೆ 2.5 ಮೈಕ್ರಾನ್‌ವರೆಗಿನ ಸಣ್ಣ ಕಣ, ಎಷ್ಟಿದೆ ಎಂಬ ಅಂದಾಜು ಸಿಗುತ್ತದೆ. ಆ ಲೇಸರಿನ ಆಯುಷ್ಯ ತಯಾರಕರ ಪ್ರಕಾರ 8,000 ಗಂಟೆ. ವರ್ಷಕ್ಕಿರುವುದು 8,760 ಗಂಟೆ. ಬಿಡದೆ ಓಡಿಸಿದರೆ ಒಂದು ವರ್ಷವೂ ತುಂಬುವುದಿಲ್ಲ. ಅದಕ್ಕೇ ಐದು ನಿಮಿಷಕ್ಕೊಮ್ಮೆ ಎಬ್ಬಿಸಿ, ಅರ್ಧ ನಿಮಿಷ ಫ್ಯಾನ್ ತಿರುಗಲು ಬಿಟ್ಟು, ಓದಿಕೊಂಡು, ಮತ್ತೆ ಮಲಗಿಸುವ ಹಾಗೆ ಪ್ರೋಗ್ರಾಂ ಬರೆದಿದ್ದೇನೆ. ಹಾಗಿದ್ದರೂ ಹಳೆಯದಕ್ಕೆ ವಯಸ್ಸಾಗಿದೆ.

ಹಳೆಯದನ್ನು ಕಿತ್ತು ಅದೇ ದಿನ ಹೊಸದನ್ನು ಹಾಕಿಬಿಟ್ಟರೆ ದಾಖಲೆಯಲ್ಲಿ ಒಂದು ಮೆಟ್ಟಿಲು ಮೂಡುತ್ತದೆ. ಬದಲಾದದ್ದು ಗಾಳಿಯೋ ಯಂತ್ರವೋ ಎಂದು ಆಮೇಲೆ ಯಾರೂ ಹೇಳಲಾರರು. ಹಲವು ವರ್ಷಗಳಲ್ಲಿ ಮಾಲಿನ್ಯ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬ ದಿಕ್ಕು ಹುಡುಕುವ ನನ್ನಂಥವರಿಗೆ ಇದಕ್ಕಿಂತ ದೊಡ್ಡ ಅಪಾಯವಿಲ್ಲ. ಹೊಸದು ಹಳೆಯದಕ್ಕಿಂತ ಒಂದಿಷ್ಟು ಹೆಚ್ಚೇ ತೋರಿಸುತ್ತಿದೆ, ಆದರೆ ಆ ಹೆಚ್ಚುವರಿ ತಿಂಗಳುದ್ದಕ್ಕೂ ಒಂದೇ ಪ್ರಮಾಣದಲ್ಲಿದೆ. ಅದು ನಿಜಕ್ಕೂ ಖುಷಿಯ ಸಂಗತಿ. ಪ್ರತಿ ಗಂಟೆಯ ಅನುಪಾತ ತೆಗೆದು, ಅವುಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಬೆಲೆಯನ್ನು ತಿದ್ದುಪಡಿಯಾಗಿ ಇಟ್ಟುಕೊಂಡೆ. ಮೂಲ ಅಂಕಿ ಮಾತ್ರ ಮುಟ್ಟುವುದಿಲ್ಲ, ತಿದ್ದಿದ್ದೆಲ್ಲ ಬೇರೆ ಕಾಲಂಗೆ.

ಮೇ ತಿಂಗಳಲ್ಲೇ ಮಾಡಿ ಮುಗಿಸಬೇಕೆಂಬ ಅವಸರಕ್ಕೆ ಕಾರಣ ತೇವ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ನೀರೊಡೆಯುವ ಹಾಗೆ ಗಾಳಿಯಲ್ಲಿರುವ ಲವಣದ ಕಣಗಳೂ ನೀರು ಹೀರಿ ಉಬ್ಬುತ್ತವೆ. ಉಬ್ಬಿದ ಕಣ ಹೆಚ್ಚು ಬೆಳಕು ಚದುರಿಸುತ್ತದೆ, ಸೆನ್ಸರ್ ಅದನ್ನು ಮಾಲಿನ್ಯವೆಂದೇ ಎಣಿಸುತ್ತದೆ. ಈ ಮಾದರಿ ಕೆಲಸ ಮಾಡಬಹುದಾದ ತೇವಾಂಶದ ಮಿತಿಯೇ ಶೇ. 70. ಜುಲೈ ತಿಂಗಳ ಹುಬ್ಬಳ್ಳಿಯಲ್ಲಿ ಅದಕ್ಕಿಂತ ಕಡಿಮೆ ಇರುವ ಗಂಟೆ ಹುಡುಕಬೇಕು. ಪಕ್ಕದಲ್ಲೇ ಬಿಎಂಇ280 ಎಂಬ ಇನ್ನೊಂದು ಸೆನ್ಸರ್ ಇಟ್ಟು ತೇವಾಂಶ, ಉಷ್ಣಾಂಶ ಬರೆದುಕೊಳ್ಳುತ್ತೇನೆ, ಮಿತಿ ದಾಟಿದ ಗಂಟೆಗಳಿಗೆ ಗುರುತು ಹಾಕುತ್ತೇನೆ. ಸೂತ್ರ ಹಾಕಿ ಅವನ್ನು ಸರಿಪಡಿಸುವವರಿದ್ದಾರೆ. ನನ್ನ ಮನಸ್ಸು ಒಪ್ಪುವುದು ಬೇರೆ ದಾರಿ: ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅಂಕಿಗಳಿಂದ ಯಾವ ತೀರ್ಮಾನಕ್ಕೂ ಬರದಿರುವುದು. ಆ ತಿಂಗಳುಗಳಲ್ಲಿ ಪಡುವಣ ಗಾಳಿ ಜೋರು, ಮಳೆ ಕಣಗಳನ್ನು ತೊಳೆಯುತ್ತದೆ, ಗಾಳಿ ಹೇಗೂ ಹಸನಾಗಿರುತ್ತದೆ. ನೋಡಬೇಕಾದದ್ದು ಚಳಿಗಾಲ.

ಚಳಿಗಾಲದ ಚಿತ್ರ ಸ್ಪಷ್ಟವಾಗಿದೆ. ಡಿಸೆಂಬರ್, ಜನವರಿಯಲ್ಲಿ ದಿನಕ್ಕೆರಡು ಏರಿಕೆ: ಬೆಳಿಗ್ಗೆ ಒಂದು, ಸಂಜೆ ದೀಪ ಹಚ್ಚುವ ಹೊತ್ತಿನಿಂದ ಇನ್ನೊಂದು. ರಾತ್ರಿ ನೆಲ ಬೇಗ ತಣ್ಣಗಾಗಿ, ತಂಪು ಗಾಳಿ ಕೆಳಗೆ, ಬೆಚ್ಚಗಿನದು ಮೇಲೆ ಕೂತುಬಿಡುತ್ತದೆ. ಹೊಗೆ ಮೇಲೇರದೆ ಮನೆಗಳ ಮಟ್ಟದಲ್ಲೇ ನಿಲ್ಲುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಚದುರುತ್ತದೆ. ಅಂದರೆ ಚಿಮಣಿ, ಗಾಡಿಗಳು ಹೊರಹಾಕುವುದು ಅಷ್ಟೇ ಇದ್ದರೂ ಬೆಳಗಿನ ಏಳಕ್ಕೂ ಮಧ್ಯಾಹ್ನದ ಮೂರಕ್ಕೂ ಅಂಕಿ ಬೇರೆಯಾಗುತ್ತದೆ. ಹಾಗಾಗಿ ಜನವರಿಯನ್ನು ಡಿಸೆಂಬರ್ ಜೊತೆ ಹೋಲಿಸಿ "ಕಡಿಮೆಯಾಯಿತು" ಅನ್ನುವುದರಲ್ಲಿ ಅರ್ಥವಿಲ್ಲ. ಜನವರಿಗೆ ಜನವರಿ, ಫೆಬ್ರವರಿಗೆ ಫೆಬ್ರವರಿ, ಹೀಗೆ ಎಲ್ಲ ವರ್ಷಗಳ ಜೋಡಿ ಹಾಕಿ, ಪ್ರತಿ ಜೋಡಿಯ ಏರಿಳಿತವನ್ನು ನಡುವಿನ ವರ್ಷಗಳಿಂದ ಭಾಗಿಸಿ, ಬಂದ ಎಲ್ಲ ಅಂಕಿಗಳ ನಡುವಿನದನ್ನು ಆರಿಸುತ್ತೇನೆ. ಸರಾಸರಿ ತೆಗೆದರೆ ದೀಪಾವಳಿಯ ಎರಡು ರಾತ್ರಿಯ ಪಟಾಕಿಯೇ ಇಡೀ ತಿಂಗಳನ್ನು ಎಳೆದುಬಿಡುತ್ತದೆ. ನಡುವಿನ ಬೆಲೆಗೆ ಆ ಕಾಟವಿಲ್ಲ.

ಎಕ್ಯುಐ, ಅಂದರೆ ವಾಯು ಗುಣಮಟ್ಟ ಸೂಚ್ಯಂಕ, ಏಕೆ ಬರೆದಿಡುವುದಿಲ್ಲ ಎಂದು ಕೆಲವರು ಕೇಳಿದ್ದಾರೆ. ಇವತ್ತು ಹೊರಗೆ ಓಡಲು ಹೋಗಬಹುದೇ ಎಂದು ತಿಳಿಯಲು ಅದು ಒಳ್ಳೆಯದು. ಆದರೆ ಅದರಲ್ಲಿ ಹಲವು ಮಾಲಿನ್ಯಕಾರಕಗಳ ಪೈಕಿ ಯಾವುದು ಅತಿ ಕೆಟ್ಟದ್ದೋ ಅದರ ಅಂಕಿಯೇ ದಿನದ ಅಂಕಿ. ಇವತ್ತು ಪಿಎಂ10 (10 ಮೈಕ್ರಾನ್‌ವರೆಗಿನ ಕಣ), ನಾಳೆ ಓಝೋನ್. ವರ್ಷಗಳ ಏರಿಳಿತ ನೋಡಲು ಒಂದೇ ವಸ್ತುವಿನ ಮೈಕ್ರೋಗ್ರಾಂ ಲೆಕ್ಕವೇ ಬೇಕು. ಆ ವ್ಯವಸ್ಥೆಯಿಂದ ಒಂದು ನಿಯಮ ಮಾತ್ರ ಎರವಲು ಪಡೆದಿದ್ದೇನೆ: ದಿನಕ್ಕೆ ಕನಿಷ್ಠ 16 ಗಂಟೆಯ ದಾಖಲೆ ಇಲ್ಲದಿದ್ದರೆ ಆ ದಿನ ಲೆಕ್ಕಕ್ಕಿಲ್ಲ. ನಮ್ಮ ಓಣಿಯಲ್ಲಿ ಕರೆಂಟ್ ಹೋಗಿ ಕೆಲವು ದಿನಗಳು ಹೀಗೇ ಉದುರಿದವು. ಈಗ ಚಿಕ್ಕ ಬ್ಯಾಟರಿ ಸೇರಿಸಿದ್ದೇನೆ.

ಗಾಳಿಯ ದಿಕ್ಕಿನ ಪ್ರಕಾರ ಅಂಕಿಗಳನ್ನು ಬೇರ್ಪಡಿಸಿದ್ದು ಈ ಸಲದ ದೊಡ್ಡ ಕೆಲಸ. ಗೋಕುಲ ರಸ್ತೆಯಲ್ಲೇ ಕೈಗಾರಿಕಾ ಶೆಡ್‌ಗಳಿವೆ, ವಿಮಾನ ನಿಲ್ದಾಣದ ಆಚೆ ಬೈಪಾಸ್ ಕಡೆಗೆ ತಾರಿಹಾಳ ಕೈಗಾರಿಕಾ ಪ್ರದೇಶ. ಗಾಳಿ ಆ ಕಡೆಯಿಂದ ಬಂದಾಗಲೇ ಅಂಕಿ ಏರುತ್ತದೆ ಎಂದು ನಮ್ಮ ಓಣಿಯವರೆಲ್ಲರ ನಂಬಿಕೆ. ಲೇತ್ ಮಷಿನ್ ಮೇಲೆ ಕೆಲಸ ಮಾಡುವ ನೆರೆಮನೆಯ ಅಣ್ಣ ಮಾತ್ರ ಮೊದಲಿಂದಲೂ ಬೇರೆ ಹೇಳುತ್ತಿದ್ದ: "ಫ್ಯಾಕ್ಟರಿ ಹೊಗಿ ಕಣ್ಣಿಗೆ ಕಾಣತೈತಿ, ಅದಕ್ಕ ಎಲ್ಲಾರೂ ಅದನ್ನ ಬೈತಾರ. ಸಂಜೀಕ ರೋಡಿಗೆ ನಿಂತು ನೋಡು, ಎಲ್ಲಿಂದ ಬರತೈತಿ ಗೊತ್ತಾಗತೈತಿ." ಚಳಿಗಾಲದ ಸಂಜೆಯ ಏರಿಕೆ ಗಾಳಿ ಎತ್ತಣಿಂದ ಬೀಸಿದರೂ ಬರುತ್ತದೆ, ಗಾಳಿ ನಿಂತಾಗಲಂತೂ ಇನ್ನೂ ಹೆಚ್ಚು. ದೂರದ ಒಂದೇ ಚಿಮಣಿ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ. ಗಾಡಿಗಳ ಹೊಗೆ, ಬೀದಿ ಬದಿ ಸುಡುವ ಕಸ, ಅಗೆದು ಹಾಗೇ ಬಿಟ್ಟ ರಸ್ತೆ, ಇವೆಲ್ಲ ನಮ್ಮ ಮಾಳಿಗೆಯ ಸುತ್ತಲೇ ಇವೆ. ಕಾರ್ಖಾನೆಗಳಿಗೆ ಇದರಿಂದ ಕ್ಲೀನ್ ಚಿಟ್ ಸಿಕ್ಕಂತಲ್ಲ. ಗಂಧಕದ ಡೈಆಕ್ಸೈಡ್‌ನಂಥ ಅನಿಲಗಳನ್ನು ನನ್ನ ಪೆಟ್ಟಿಗೆ ಅಳೆಯುವುದೇ ಇಲ್ಲ.

ದಪ್ಪ ಧೂಳಿನ ವಿಷಯದಲ್ಲೂ ಈ ಸೆನ್ಸರ್ ನಂಬಲು ಬಾರದು. ಅದು ಪಿಎಂ10 ಅಂಕಿಯನ್ನೂ ಕೊಡುತ್ತದೆ, ಆದರೆ ಎರೆಮಣ್ಣಿನ ದಪ್ಪ ಕಣಗಳನ್ನು ಕಡಿಮೆ ಎಣಿಸುತ್ತದೆ. ನಮ್ಮೂರಿಗೆ ಅದೇ ಮುಖ್ಯ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ರಾಜ್ಯದಿಂದ ಸೇರಿದ್ದು ಬೆಂಗಳೂರು, ದಾವಣಗೆರೆ, ಕಲಬುರಗಿ ಮತ್ತು ಹುಬ್ಬಳ್ಳಿ-ಧಾರವಾಡ. ನಗರಗಳ ಪ್ರಗತಿಯನ್ನು ಅಲ್ಲಿ ಅಳೆಯುವುದು ಪಿಎಂ10ರಿಂದಲೇ. ವರ್ಷದ ಸರಾಸರಿ ಘನಮೀಟರಿಗೆ 60 ಮೈಕ್ರೋಗ್ರಾಂ ದಾಟಬಾರದು ಎಂಬುದು ನಮ್ಮ ದೇಶದ ಮಾನದಂಡ, ಪಿಎಂ2.5ಕ್ಕೆ 40. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15 ಮತ್ತು 5. ಆದ್ದರಿಂದ ಪಿಎಂ10ಕ್ಕೆ ದೇಶಪಾಂಡೆ ನಗರದಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ವಯಂಚಾಲಿತ ಕೇಂದ್ರದ ಅಂಕಿಗಳನ್ನೇ ಇಳಿಸಿಕೊಂಡು, ಅದೇ ತಿಂಗಳುವಾರು ಪದ್ಧತಿಯಲ್ಲಿ ಜೋಡಿಸುತ್ತಿದ್ದೇನೆ. ವಾರಕ್ಕೆರಡು ಸಲ ಫಿಲ್ಟರ್ ತೂಗಿ ವರ್ಷಕ್ಕೆ 104 ಸಲ ಅಳೆಯುವ ಹಳೆಯ ಪದ್ಧತಿಯ ದಾಖಲೆಗಳನ್ನು ಇದರೊಂದಿಗೆ ಬೆರೆಸಿಲ್ಲ, ಎರಡೂ ಬೇರೆ ಬೇರೆ ಗೆರೆಗಳಾಗಿಯೇ ಇರಲಿ.

ಇಳಿಯುತ್ತಿದೆಯೋ ಏರುತ್ತಿದೆಯೋ ಎಂದು ಇಷ್ಟರಲ್ಲೇ ಹೇಳಲಾರೆ. ಒಂದು ವರ್ಷ ಮಳೆ ಚೆನ್ನಾಗಿ ಆಗಿ ಇನ್ನೊಂದು ವರ್ಷ ಬರ ಬಿದ್ದರೆ ಸಾಕು, ಕೆಲವೇ ಚಳಿಗಾಲಗಳ ಗೆರೆ ತಲೆಕೆಳಗಾಗುತ್ತದೆ. ಪೆಟ್ಟಿಗೆ ಇದೇ ಮಾಳಿಗೆಯಲ್ಲಿ, ಇದೇ ಎತ್ತರದಲ್ಲಿ, ಇದೇ ಕಂಬಕ್ಕೆ ಇರಬೇಕು. ಕಿತ್ತ ಹಳೆ ಸೆನ್ಸರನ್ನು ಒರೆಸಿ, ಒಣ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇನೆ. ಮುಂದಿನ ಮೇನಲ್ಲಿ ಒಂದು ವಾರ ಹೊಸದರ ಪಕ್ಕ ಕೂರಿಸಿ ತಾಳೆ ನೋಡುತ್ತೇನೆ. ತಾರಿಹಾಳದ ಒಂದು ವರ್ಕ್‌ಶಾಪ್ ಮೇಲೆ ಎರಡನೇ ಪೆಟ್ಟಿಗೆ ಇಡಲು ಮಾಲೀಕರು ಒಪ್ಪಿದ್ದಾರೆ. ಅದನ್ನು ಅಕ್ಟೋಬರ್‌ನಲ್ಲಿ ಮಳೆ ನಿಂತ ಮೇಲೆ ಇಲ್ಲೇ ಮೂರು ವಾರ ಓಡಿಸಿ, ಆಮೇಲೆ ಅಲ್ಲಿಗೆ ಒಯ್ಯುವುದು.