ಗಿರಣಿಗೆ ಡಬ್ಬಿ ಒಯ್ಯುತ್ತೇವೆ, ಸಂತೆಗೆ ಯಾಕೆ ಬರಿಗೈ?

ಜೋಳ ಬೀಸಿಸಲು ಗಿರಣಿಗೆ ಹೋಗುವಾಗ ನಮ್ಮ ಹುಬ್ಬಳ್ಳಿಯಲ್ಲಿ ಯಾರೂ ಬರಿಗೈಲಿ ಹೋಗುವುದಿಲ್ಲ. ಡಬ್ಬಿ ಒಯ್ಯುತ್ತಾರೆ, ಇಲ್ಲವೇ ಚೀಲ. ಹಿಟ್ಟನ್ನು ಗಿರಣಿಯವರೇ ಕ್ಯಾರಿಬ್ಯಾಗಿನಲ್ಲಿ ಕಟ್ಟಿಕೊಡಲಿ ಅಂತ ಯಾರೂ ಕಾಯುವುದಿಲ್ಲ. ಅದೇ ನಾವು ದುರ್ಗದಬೈಲಿಗೆ ಕಾಯಿಪಲ್ಲೆ ತರಲು ಹೋದರೆ ಕೈ ಬೀಸಿಕೊಂಡು ನಿಲ್ಲುತ್ತೇವೆ. ಮೆಂತೆಗೆ ಒಂದು ಕ್ಯಾರಿಬ್ಯಾಗ್, ಬದನೆಕಾಯಿಗೆ ಇನ್ನೊಂದು, ಹತ್ತು ರೂಪಾಯಿ ಹಸಿಮೆಣಸಿನಕಾಯಿಗೆ ಮತ್ತೊಂದು.

ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧವಾದದ್ದು 2016ರಲ್ಲಿ. ಆದರೂ ಸಿಗುತ್ತವೆ. ನಾನು ಖಾಯಂ ತಪ್ಪಲು ಪಲ್ಲೆ ತಗೊಳ್ಳುವ ಅಜ್ಜಿಯನ್ನು ಒಮ್ಮೆ ಕೇಳಿದೆ, ಯಾಕೆ ಇಡ್ತೀರಿ ಅಂತ. "ನಾ ಇಲ್ಲಂದ್ರ ಬಾಜೂದಾಕಿ ಕಡೆ ಹೋಗ್ತಾರವಾ. ಏನ್ ಮಾಡ್ಲಿ?" ಅಂದರು. ಅದನ್ನು ಕೊಳ್ಳುವ ದುಡ್ಡು ಅವರದು. ಯಾರಾದರೂ ಬಂದು ಹಿಡಿದರೆ ದಂಡವೂ ಅವರದೇ. ಕಟ್ಟು ಪಲ್ಲೆ ಮಾರಿ ಅವರಿಗೆ ಉಳಿಯುವುದಾದರೂ ಎಷ್ಟು? ನಮ್ಮ ಬರಿಗೈಗೆ ಅವರು ದಂಡ ಕಟ್ಟುವುದು ನನಗಂತೂ ಸರಿ ಕಾಣುವುದಿಲ್ಲ. ನಾನು ಚೀಲ ಹಿಡಿಯಲು ಶುರು ಮಾಡಿದ್ದು ಆಮೇಲೆಯೇ.

ಶುರು ಮಾಡಿದ ಮೇಲೆ ಗೊತ್ತಾಯಿತು, ಒಂದೇ ದೊಡ್ಡ ಚೀಲದಿಂದ ಕೆಲಸ ಆಗುವುದಿಲ್ಲ. ಉಳ್ಳಾಗಡ್ಡಿ ಅಡಿಯಲ್ಲಿ, ಅದರ ಮೇಲೆ ಟೊಮ್ಯಾಟೊ, ನಡುವೆ ಒದ್ದೆ ಕೊತಂಬರಿ ತುರುಕಿದರೆ ವಿದ್ಯಾನಗರದ ನಮ್ಮ ಮನೆಗೆ ಬರುವಷ್ಟರಲ್ಲಿ ಎಲ್ಲ ಕಲಸಿ ಹೋಗುತ್ತದೆ. ಚಿಗರಿ ಬಸ್ಸಿನಲ್ಲಿ ಸೀಟು ಸಿಗದೆ ನಿಂತು ಬಂದರಂತೂ ಕೇಳಲೇಬೇಡಿ. ಹಾಗಾಗಿ ದೊಡ್ಡ ಚೀಲದೊಳಗೆ ಸಣ್ಣ ಚೀಲಗಳು ಬೇಕು. ಅಪ್ಪನ ಹಳೆ ಧೋತರ ಎರಡು ಇದ್ದವು. ತೊಳೆದು ತೊಳೆದು ಮೆತ್ತಗಾದ ಅರಿವೆ. ಅದರಲ್ಲಿ ಲಾಡಿ ಹಾಕಿದ ಸಣ್ಣ ಚೀಲಗಳನ್ನು ಹೊಲಿಸಿದೆ. ಅವು ಬಹಳ ಉಪಯೋಗಕ್ಕೆ ಬಂದವು. ಪಲ್ಲೆಯನ್ನು ಆ ಚೀಲದಲ್ಲೇ ಫ್ರಿಜ್ಜಿಗೆ ಇಡುತ್ತೇನೆ. ಅರಿವೆ ಚೂರು ತೇವ ಇದ್ದರೆ ಸಾಕು. ಪ್ಲಾಸ್ಟಿಕ್ಕಿನಲ್ಲಿ ಬೆವತು ಕೊಳೆಯುತ್ತಿದ್ದ ಮೆಂತೆ ಈಗ ಹಸಿರಾಗಿಯೇ ಉಳಿಯುತ್ತದೆ.

ದೊಡ್ಡ ಚೀಲವನ್ನು ಹೊಲಿದದ್ದು ನಮ್ಮ ಓಣಿಯ ಸಿಂಪಿಗರು. ದಪ್ಪ ಕಾಟನ್ ಚಾದರ ಒಂದನ್ನು ಕೊಟ್ಟಿದ್ದೆ. "ಹಿಡಿಕಿ ಬರೇ ಬಾಯಿಗೆ ಹಚ್ಚಬ್ಯಾಡ್ರಿ ಅಕ್ಕಾರ, ಭಾರಕ್ಕ ಕಿತ್ತು ಬರ್ತದ" ಅಂತ ಅವರೇ ಹೇಳಿದರು. ಪಟ್ಟಿಯನ್ನು ಒಂದು ಬದಿಯ ಬಾಯಿಯಿಂದ ಕೆಳಗಿಳಿಸಿ, ತಳದ ಅಡಿಯಿಂದ ಸುತ್ತಿ, ಇನ್ನೊಂದು ಬದಿಗೆ ಹತ್ತಿಸಿ ಹೊಲಿದರು. ಭಾರವೆಲ್ಲ ಪಟ್ಟಿಯ ಮೇಲೆಯೇ ಬೀಳುತ್ತದೆ, ಹೊಲಿಗೆ ಎಳೆಯುವುದಿಲ್ಲ. ತಳದ ಎರಡೂ ಮೂಲೆಗಳನ್ನು ಮಡಚಿ ಅಡ್ಡ ಹೊಲಿಗೆ ಹಾಕಿದ್ದಾರೆ. ಅದಕ್ಕೇ ಚೀಲ ನೆಲದ ಮೇಲೆ ಬುಟ್ಟಿಯ ಹಾಗೆ ನಿಲ್ಲುತ್ತದೆ. ಐದು ಕಿಲೋ ಉಳ್ಳಾಗಡ್ಡಿ ಹಾಕಿದರೂ ಜಗ್ಗುವುದಿಲ್ಲ. ಕೂಲಿ ಕೊಡುವಾಗ ಇನ್ನೂ ಜಾಸ್ತಿ ಕೇಳಬಾರದೇ ಅನಿಸಿತು, ಅಷ್ಟು ಒಳ್ಳೆಯ ಕೆಲಸ.

ಅಂಗಡಿಗಳಲ್ಲಿ ಕೊಡುವ ಬಣ್ಣಬಣ್ಣದ, ಬಟ್ಟೆಯ ಹಾಗೆ ಕಾಣುವ ತೆಳು ಚೀಲಗಳು ಬಟ್ಟೆಯಲ್ಲ. ಅವು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಮನೆಯಲ್ಲಿ ಈಗಾಗಲೇ ಇದ್ದರೆ ಹರಿಯುವ ತನಕ ಬಳಸಿ, ಎಸೆಯಬೇಡಿ. ಹೊಸದು ಮಾತ್ರ ತರಬೇಡಿ. ಹತ್ತಿಯ ಹೊಸ ಚೀಲವನ್ನೂ ಸುಮ್ನೆ ಕೊಳ್ಳಬೇಡಿ. ಹತ್ತಿ ಬೆಳೆಯಲು ನೀರು ಬೇಕು, ಗೊಬ್ಬರ ಬೇಕು. ಬೀರುವಿನಲ್ಲಿ ಹಳೆ ಚಾದರ, ಧೋತರ ಇರುತ್ತವಲ್ಲ.

ಕಿರಾಣಿ ಅಂಗಡಿಯದು ಸುಲಭ. ಬೇಳೆ, ಸಕ್ಕರೆ, ರವೆಗೆ ಚೀಲ ಒಯ್ದರೆ ತೂಕದಲ್ಲಿ ಮೋಸ ಆದೀತು ಅಂತ ನಮ್ಮ ಅತ್ತೆಗೆ ಅನುಮಾನ ಇತ್ತು. ಅಂಗಡಿಯವರು ಖಾಲಿ ಚೀಲವನ್ನು ತೂಕದ ಮಶಿನ್ ಮೇಲಿಟ್ಟು ಗುಂಡಿ ಒತ್ತಿ ಸೊನ್ನೆ ಮಾಡಿ ತೋರಿಸಿದರು. ಈಗ ಅತ್ತೆಯೇ ಚೀಲಗಳನ್ನು ಮಡಚಿ ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸುತ್ತಾರೆ. ಚಪ್ಪಲಿ ಮೆಟ್ಟುವಾಗ ಕಣ್ಣಿಗೆ ಬೀಳಬೇಕು, ಅಷ್ಟೇ. ಕಪಾಟಿನಲ್ಲಿ ಇಟ್ಟರೆ ಮರೆಯುತ್ತದೆ.

ದುರ್ಗದಬೈಲಿನಲ್ಲಿ ಅಡ್ಡಾಡುವ ಬಿಡಾಡಿ ದನಗಳನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಪಲ್ಲೆಯ ವಾಸನೆಗೆ ಅವು ಕ್ಯಾರಿಬ್ಯಾಗನ್ನೂ ಸೇರಿಸಿ ತಿನ್ನುತ್ತವೆ. ಅದು ಜೀರ್ಣ ಆಗುವುದಿಲ್ಲ. ಹೊಟ್ಟೆಯಲ್ಲೇ ಗಂಟು ಕಟ್ಟಿಕೊಂಡು ಕೂರುತ್ತದೆ, ಕಡೆಗೆ ದನ ಮೇವು ಬಿಡುತ್ತದೆ. ಕಾಯಿಪಲ್ಲೆ ಸಿಪ್ಪೆಯನ್ನು ಕ್ಯಾರಿಬ್ಯಾಗಿನಲ್ಲಿ ಗಂಟು ಹಾಕಿ ಎಸೆಯುವುದನ್ನಾದರೂ ದಯವಿಟ್ಟು ಬಿಡಿ.

ನಮ್ಮ ಮನೆಯಲ್ಲಿ ಇನ್ನೂ ಉಳಿದಿರುವುದು ಹಾಲಿನ ಪ್ಯಾಕೆಟ್. ಮೂಲೆಯನ್ನು ಪೂರ್ತಿ ಕತ್ತರಿಸದೆ ಅಂಟಿಕೊಂಡೇ ಇರುವಂತೆ ಬಿಡುತ್ತೇವೆ, ಇಲ್ಲವಾದರೆ ಆ ಚೂರು ನೇರ ಗಟಾರಕ್ಕೆ ಹೋಗುತ್ತದೆ. ತೊಳೆದು ಒಣಗಿಸಿ ಮೋಡಕಾ ಅಂಗಡಿಗೆ, ಅಂದರೆ ಗುಜರಿಗೆ, ಕೊಡುತ್ತೇವೆ. ಮೊಸರನ್ನು ಮನೆಯಲ್ಲೇ ಹೆಪ್ಪು ಹಾಕುವುದರಿಂದ ಅದರ ಪ್ಯಾಕೆಟ್ ಬರುವುದಿಲ್ಲ. ನಿಮ್ಮ ಓಣಿಯಲ್ಲಿ ಪಾತ್ರೆಗೆ ಹಾಲು ಹಾಕುವ ಗೌಳಿಗರು ಇನ್ನೂ ಬರುತ್ತಿದ್ದರೆ ತಿಳಿಸಿ. ವಿದ್ಯಾನಗರದ ಕಡೆಯೂ ಬರುತ್ತಾರೇನು ಅಂತ ಕೇಳಬೇಕು.