ಡ್ರೈವರ್ ಕೊಟ್ಟ ಉತ್ತರ ಓದಿ

ನಮ್ಮ ಮಲ್ಟಿಮೀಡಿಯಾ ಫ್ರೇಮ್‌ವರ್ಕಿಗೆ ಲಿನಕ್ಸ್ ಕ್ಯಾಮೆರಾ ಬೆಂಬಲ ಸೇರಿಸುವ ಕೆಲಸ ಈಗ ನನ್ನ ಕೈಯಲ್ಲಿದೆ. ವಿ4ಎಲ್2 (ಲಿನಕ್ಸ್‌ನಲ್ಲಿ ವಿಡಿಯೊ ಸಾಧನಗಳ ಜೊತೆ ಮಾತಾಡುವ ಇಂಟರ್‌ಫೇಸ್) ಅಂದ್ರೆ ಒಂದಿಷ್ಟು ಐಆಕ್ಟಲ್ ಕರೆಗಳು (ಪ್ರೋಗ್ರಾಮ್ ಕರ್ನಲ್‌ಗೆ ಕೊಡುವ ಆದೇಶಗಳು) ತಾನೇ ಅಂತ ಗೆಳೆಯರು ಕೇಳುತ್ತಾರೆ. ಕರೆಗಳೇನೋ ಸುಲಭ. ಕ್ಯಾಮೆರಾ ನಡೆಸುವ ತಂತ್ರಾಂಶ, ಅಂದ್ರೆ ಡ್ರೈವರ್, ಏನು ಉತ್ತರ ಕೊಟ್ಟಿತು ಅಂತ ಓದುವುದರಲ್ಲೇ ಕೆಲಸ ಜಾಸ್ತಿ.

ಒಂದೇ ವೆಬ್‌ಕ್ಯಾಮ್ ಚುಚ್ಚಿದರೂ ವಿಡಿಯೊ0, ವಿಡಿಯೊ1 ಅಂತ ಎರಡು ನೋಡ್ (ಸಾಧನದ ಫೈಲ್) ಕಾಣುತ್ತವೆ. 2018ರಲ್ಲಿ ಬಂದ 4.16 ಲಿನಕ್ಸ್ ಕರ್ನಲ್‌ನಿಂದೀಚೆಗೆ ಯುವಿಸಿ (ಯುಎಸ್‌ಬಿ ವೆಬ್‌ಕ್ಯಾಮ್‌ಗಳ ಮಾನದಂಡ) ಡ್ರೈವರ್ ಮೆಟಾಡೇಟಾಗೆ, ಅಂದ್ರೆ ಫ್ರೇಮ್ ಬಗೆಗಿನ ಹೆಚ್ಚುವರಿ ಮಾಹಿತಿಗೆ, ಬೇರೆ ನೋಡ್ ಮಾಡುತ್ತದೆ. ಅದರಲ್ಲಿ ಚಿತ್ರ ಬರುವುದಿಲ್ಲ. ಸಾಧನಕ್ಕೆ ಏನೇನು ಸಾಧ್ಯ ಅಂತ ಕೇಳುವ ಕ್ವೆರಿಕ್ಯಾಪ್ ಕರೆ ಕೊಡುವ ಕೇಪಬಿಲಿಟೀಸ್ ಇಡೀ ಸಾಧನದ್ದು, ಡಿವೈಸ್‌ಕ್ಯಾಪ್ಸ್ ಆ ಒಂದು ನೋಡ್‌ನದ್ದು. ಎರಡನೆಯದನ್ನೇ ನೋಡಿ.

ಫಾರ್ಮ್ಯಾಟ್ ವಿಷಯ ಇನ್ನೂ ಸ್ವಾರಸ್ಯ. 1280x720, ವೈಯುವೈವಿ (ಕುಗ್ಗಿಸದ ಚಿತ್ರದ ಒಂದು ಫಾರ್ಮ್ಯಾಟ್), ಸೆಕೆಂಡಿಗೆ 30 ಫ್ರೇಮ್ ಬೇಕು ಅಂತಿಟ್ಟುಕೊಳ್ಳಿ. ಪಿಕ್ಸೆಲ್‌ಗೆ 2 ಬೈಟ್, ಫ್ರೇಮಿಗೆ 18,43,200 ಬೈಟ್. ಸೆಕೆಂಡಿಗೆ ಸುಮಾರು 442 ಮೆಗಾಬಿಟ್ ಆಯ್ತು. ಯುಎಸ್‌ಬಿ 2.0ಕ್ಕೆ 480 ಇದೆಯಲ್ಲ ಅನ್ನಬೇಡಿ. ಐಸೋಕ್ರೋನಸ್ ಎಂಡ್‌ಪಾಯಿಂಟ್ (ವಿಡಿಯೊದಂಥ ಹರಿವಿಗೆ ಕಾದಿರಿಸಿದ ಯುಎಸ್‌ಬಿ ದಾರಿ) ಒಂದಕ್ಕೆ ಸಿಗುವುದು ಹೆಚ್ಚೆಂದರೆ ಸುಮಾರು 197. ಅದಕ್ಕೇ ಎಷ್ಟೋ ಕ್ಯಾಮೆರಾಗಳು ಈ ಅಳತೆಯಲ್ಲಿ 10 ಫ್ರೇಮ್ ಮಾತ್ರ ಕೊಡುತ್ತವೆ. 30 ಬೇಕಾದರೆ ಪ್ರತಿ ಫ್ರೇಮನ್ನೂ ಜೆಪೆಗ್ ಆಗಿ ಕುಗ್ಗಿಸುವ ಎಂಜೆಪೆಗ್‌ಗೆ ಹೋಗಬೇಕು. ಕೇಳಿದ್ದು ಆಗದಿದ್ದರೆ ಫ್ರೇಮ್ ದರ ಹೊಂದಿಸುವ ಎಸ್_ಪಾರ್ಮ್ ಕರೆ ಎರರ್ ಕೊಡುವುದಿಲ್ಲ, ಹತ್ತಿರದ ದರವನ್ನು ಅದೇ ಸ್ಟ್ರಕ್ಟ್‌ನಲ್ಲಿ ಬರೆದು ಸುಮ್ನೆ ವಾಪಸ್ ಕೊಡುತ್ತದೆ. ಫಾರ್ಮ್ಯಾಟ್ ಹೊಂದಿಸುವ ಎಸ್_ಎಫ್‌ಎಂಟಿ ಕೂಡ ಅಗಲ, ಎತ್ತರ ಬದಲಿಸಬಹುದು. ಬೈಟ್ಸ್‌ಪರ್‌ಲೈನ್ (ಒಂದು ಸಾಲಿನ ಬೈಟ್‌ಗಳ ಲೆಕ್ಕ) ಕೂಡ ಅಗಲದ ಎರಡರಷ್ಟೇ ಇರಬೇಕೆಂದೇನಿಲ್ಲ, ಸಾಲಿನ ಕೊನೆಗೆ ಪ್ಯಾಡಿಂಗ್ (ಭರ್ತಿ ಬೈಟ್‌ಗಳು) ಇದ್ದು ಅದನ್ನು ಗಮನಿಸದಿದ್ದರೆ ಚಿತ್ರ ಓರೆಯಾಗುತ್ತದೆ.

ನನಗೆ ತುಂಬಾ ಇಷ್ಟವಾದ ಭಾಗ ಬಫರ್‌ಗಳ (ಫ್ರೇಮ್ ತುಂಬುವ ಮೆಮೊರಿ ಜಾಗಗಳ) ಓಡಾಟ. ಖಾಲಿ ಬಫರನ್ನು ಕ್ಯೂಬಫ್‌ನಿಂದ ಡ್ರೈವರ್‌ಗೆ ಕೊಡುತ್ತೇವೆ, ತುಂಬಿದ್ದನ್ನು ಡಿಕ್ಯೂಬಫ್‌ನಿಂದ ತೆಗೆಯುತ್ತೇವೆ. ಹೋಟೆಲ್‌ನ ಲೋಟಗಳ ಹಾಗೆ, ವಾಪಸ್ ಬರದಿದ್ದರೆ ಮುಂದಿನ ಕಾಫಿ ಇಲ್ಲ. ಎಂಮ್ಯಾಪ್ ಮಾಡಿದ (ಡ್ರೈವರ್‌ನ ಮೆಮೊರಿ ನಮ್ಮ ಪ್ರೋಗ್ರಾಮ್‌ಗೆ ನೇರ ಕಾಣುವಂತೆ ಮಾಡಿದ) ಬಫರನ್ನು ಕಾಪಿ ಮಾಡದೆ, ವಿಡಿಯೊ ಕುಗ್ಗಿಸುವ ಎನ್‌ಕೋಡರ್‌ಗೆ ದಾಟಿಸುವುದೇ ಚೆಂದ. ಆದರೆ ಎನ್‌ಕೋಡರ್ ಎಲ್ಲ ಬಫರ್‌ಗಳನ್ನೂ ಹಿಡಿದು ಕೂತರೆ ಡ್ರೈವರ್ ಹೊಸ ಫ್ರೇಮನ್ನು ಕೈಬಿಡಲೇಬೇಕು. ಆದ್ದರಿಂದ ಕ್ಯೂನಲ್ಲಿ ಉಳಿದಿರುವುದು ಕಡಿಮೆಯಾದಾಗ ಮಾತ್ರ ಕಾಪಿ ಮಾಡಿ, ಮೂಲ ಬಫರನ್ನು ತಕ್ಷಣ ಹಿಂದಿರುಗಿಸುತ್ತೇನೆ. ಒಂದು ಕಾಪಿಯ ಖರ್ಚು, ಕಳೆದುಹೋದ ಫ್ರೇಮಿಗಿಂತ ಎಷ್ಟೋ ವಾಸಿ.

ಇದನ್ನೆಲ್ಲ ಪರೀಕ್ಷಿಸಲು ನಿಜವಾದ ಕ್ಯಾಮೆರಾನೇ ಬೇಕಿಲ್ಲ. ಕರ್ನಲ್‌ನಲ್ಲೇ ವಿವಿಡ್ ಅನ್ನುವ ಹುಸಿ ಡ್ರೈವರ್ ಇದೆ, ಬೇಕೆಂದೇ ಎರರ್ ಹುಟ್ಟಿಸಲೂ ಬರುತ್ತದೆ. ನೀವೂ ಈ ಕೆಲಸ ಶುರು ಮಾಡುವುದಿದ್ದರೆ ಮೊದಲ ಸಾಲು ಬರೆಯುವ ಮುಂಚೆಯೇ ಅದನ್ನು ಲೋಡ್ ಮಾಡಿಕೊಳ್ಳಿ.