ಬಿಸಿಲಿನ ಹಾಜರಿ

ಮೇಷ್ಟ್ರು ಹೋದರು ಅಂತ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಬೆಳಿಗ್ಗೆ ಆರಕ್ಕೇ ಮೆಸೇಜ್ ಬಂದಿತ್ತು. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು, ಒಂದಷ್ಟು ‘ಓಂ ಶಾಂತಿ’. ಅದರ ಮಧ್ಯೆ ನನ್ನ ಹಳೇ ಪ್ರಾಕ್ಟಿಕಲ್ ಜೊತೆಗಾರ, ಈಗ ಅಡಿಕೆ ತೋಟ ನೋಡಿಕೊಂಡಿರುವವನು, ಒಂದೇ ಒಂದು ಪದ ಹಾಕಿದ್ದ: ‘ಕಲ್ಲುಸಕ್ಕರೆ’. ಕಾಫಿ ಲೋಟ ಹಿಡಿದುಕೊಂಡು ಜೋರಾಗಿ ನಕ್ಕುಬಿಟ್ಟೆ. ಆಮೇಲೆ ಅಳು ಬಂತು. ಹೆಂಡತಿಗೆ ಗಾಬರಿ.

ಕಾಲೇಜು ಸಂಚಿಕೆಗೆ ‘ಎರಡು ಪುಟ ಬರೆದುಕೊಡಿ ಸರ್’ ಅಂತ ಫೋನ್ ಬಂದಾಗಲೂ ಹೊಳೆದಿದ್ದು ಅದೊಂದೇ. ಮೂರು ವರ್ಷ ಇಲ್ಲೇ ಬಿ.ಎಸ್ಸಿ. ಓದಿದ್ದೇನೆ, ಸಿಲಬಸ್ಸಿನಲ್ಲಿ ಏನಿತ್ತು ಅಂತ ಕೇಳಿದರೆ ದೇವರಾಣೆ ಗೊತ್ತಿಲ್ಲ. ಗಣಿತದ ಪೀರಿಯಡ್ಡಿನಲ್ಲಿ ಕಿಟಕಿಯಾಚೆ ಸುರಿಯುತ್ತಿದ್ದ ಮಳೆ ನೆನಪಿದೆ, ಗಣಿತ ಇಲ್ಲ.

ಕೆಮಿಸ್ಟ್ರಿ ಮೇಷ್ಟ್ರಿಗೆ ನಾವಿಟ್ಟ ಹೆಸರು ಬ್ಯೂರೆಟ್, ಲ್ಯಾಬಿನಲ್ಲಿ ದ್ರಾವಣವನ್ನು ಹನಿ ಹನಿಯಾಗಿ ಬಿಡುವ ಉದ್ದನೆಯ ಗಾಜಿನ ನಳಿಕೆ. ಉದ್ದಕ್ಕೆ, ತೆಳ್ಳಗೆ ಇದ್ದರು, ಮಾತು ಹನಿ ಹನಿಯಾಗಿ ಬೀಳುತ್ತಿತ್ತು. ಹೊಗಳಿಕೆಯಂತೂ ಕೊನೆಯ ಅರ್ಧ ಹನಿ, ಬಿತ್ತೋ ಇಲ್ಲವೋ ಅನ್ನೋದೇ ಗೊತ್ತಾಗುತ್ತಿರಲಿಲ್ಲ.

1979ರ ಡಿಸೆಂಬರ್. ನಾವು ಎರಡನೇ ವರ್ಷ. ಒಂದು ದಿನ ಮೇಷ್ಟ್ರು ಬೆಂಜೊಫಿನೋನ್ ಬಾಟಲಿ ತೆಗೆದರು. ಬಿಳೀ ಪುಡಿ, ಮೂಗಿಗೆ ಹಿಡಿದರೆ ಏನೋ ಹೂವಿನ ವಾಸನೆ. ಅದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ ಕರಗಿಸಿ, ಒಂದೇ ಒಂದು ಹನಿ ಅಸಿಟಿಕ್ ಆಸಿಡ್ ಬಿಟ್ಟು, ಫ್ಲಾಸ್ಕನ್ನು ಕುತ್ತಿಗೆವರೆಗೂ ತುಂಬಿಸಿ ಕಾರ್ಕ್ ಹಾಕಿ ತಾರಸಿ ಮೇಲೆ ಇಟ್ಟರು. ಬರ್ನರ್ ಇಲ್ಲ, ಕುದಿಸೋದಿಲ್ಲ. ‘ಸರ್, ಹೀಟ್ ಮಾಡೋದು?’ ಅಂತ ಯಾರೋ ಕೇಳಿದ. ಮೇಷ್ಟ್ರು ಮೇಲಕ್ಕೆ ಬೆರಳು ತೋರಿಸಿದರು.

ಇಟಲಿಯ ಬೊಲೋನಾದಲ್ಲಿ ಚಾಮಿಚಾನ್ ಅಂತ ಒಬ್ಬರು ಕೆಮಿಸ್ಟ್ ಹೀಗೇ ಮಾಳಿಗೆ ತುಂಬ ಫ್ಲಾಸ್ಕ್ ಇಟ್ಟುಕೊಂಡು ಕಾಯುತ್ತಿದ್ದರಂತೆ. 1912ರಲ್ಲಿ ನ್ಯೂಯಾರ್ಕಿಗೆ ಹೋಗಿ, ಕಲ್ಲಿದ್ದಲು ಸುಡೋದು ಬಿಡಿ, ಗಿಡಗಳ ಹಾಗೆ ಬಿಸಿಲಿನಿಂದ ಕೆಲಸ ಮಾಡಿಸೋಣ ಅಂತ ಭಾಷಣ ಮಾಡಿದ್ದರು. ಇದನ್ನೆಲ್ಲ ಮೇಷ್ಟ್ರು ಅಂದು ತಾರಸಿಯಲ್ಲಿ ನಿಂತುಕೊಂಡೇ ಹೇಳಿದ್ದು. ನಮಗೆ ಊಟದ ಬೆಲ್ಲಿನ ಚಿಂತೆ.

ಎರಡು ದಿನ ಮಂಜು. ನಮ್ಮೂರ ಮಂಜು ಗೊತ್ತಲ್ಲ, ಹತ್ತು ಗಂಟೆಯಾದರೂ ಎದುರಿನ ಬಸ್ಸು ಕಾಣಲ್ಲ. ಬಿಸಿಲು ಬಿದ್ದರೆ ಮೂಡಬೇಕಾದ ಹರಳು ಫ್ಲಾಸ್ಕಿನಲ್ಲಿ ಒಂದೂ ಇಲ್ಲ. ಮೇಷ್ಟ್ರು ಗಂಟೆಗೊಮ್ಮೆ ಮೆಟ್ಟಿಲು ಹತ್ತಿ ಸಪ್ಪೆ ಮುಖ ಮಾಡಿಕೊಂಡು ಇಳಿದು ಬರುತ್ತಿದ್ದರು. ಪಾಪ ಅನ್ನಿಸಿತೋ, ಕಿಡಿಗೇಡಿತನವೋ, ಮೂರನೇ ದಿನ ಬೆಳಿಗ್ಗೆ ನಾನೂ ಗೆಳೆಯನೂ ಶೆಟ್ಟರ ಅಂಗಡಿಯಿಂದ ನಾಲ್ಕಾಣೆಗೆ ಕಲ್ಲುಸಕ್ಕರೆ ತಂದು, ಸಣ್ಣಗೆ ಕುಟ್ಟಿ, ಫ್ಲಾಸ್ಕಿಗೆ ಸುರಿದೆವು. ಆ ಆಲ್ಕೋಹಾಲಿನಲ್ಲಿ ಸಕ್ಕರೆ ಕರಗಲ್ಲ ಅನ್ನೋದು ನನಗೆ ಆಗಲೇ ಹೊಳೆದಿತ್ತು. ಐಡಿಯಾ ನನ್ನದು. ಅವನು ಇವತ್ತಿಗೂ ತನ್ನದು ಅಂತಾನೆ, ಅದಕ್ಕೇ ಇಲ್ಲಿ ಅಚ್ಚಿನಲ್ಲಿ ದಾಖಲಾಗಲಿ.

ತಳದಲ್ಲಿ ಹೊಳೆಯುತ್ತಿದ್ದ ಹರಳು ನೋಡಿ ಮೇಷ್ಟ್ರು ಏನೂ ಹೇಳಲಿಲ್ಲ. ಶೋಧಿಸಿದರು, ಒಣಗಿಸಿದರು, ನಮ್ಮಿಬ್ಬರನ್ನೇ ಕರೆದು ‘ಮೆಲ್ಟಿಂಗ್ ಪಾಯಿಂಟ್ ತೆಗೀರಿ’ ಅಂದರು. ಬರಬೇಕಾದ ವಸ್ತು ಬೆಂಜೊಪಿನಕಾಲ್, ಅದು ಕರಗೋದು 186, 188 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಕ್ಯಾಪಿಲರಿ ಅನ್ನೋ ಸಪೂರ ಗಾಜಿನ ಕೊಳವೆಗೆ ಪುಡಿ ತುಂಬಿ, ಥರ್ಮಾಮೀಟರಿಗೆ ದಾರದಲ್ಲಿ ಕಟ್ಟಿ, ಪ್ಯಾರಾಫಿನ್‌ನಲ್ಲಿ ಇಳಿಬಿಟ್ಟೆವು. ನೂರಿಪ್ಪತ್ತು, ನೂರೈವತ್ತು, ನೂರೆಪ್ಪತ್ತು. ಕರಗಲಿಲ್ಲ. ಗೆಳೆಯ ಮೇಜಿನ ಕೆಳಗೆ ನನ್ನ ಕಾಲು ತುಳಿದ. 185ರ ಹತ್ತಿರ ಪುಡಿ ಒದ್ದೆಯಾದಂತೆ ಕುಸಿಯಿತು. ಸಕ್ಕರೆಯೂ ಹೆಚ್ಚುಕಡಿಮೆ ಅಲ್ಲೇ ಕರಗುತ್ತೆ ಅಂತ ಯಾರಿಗೆ ಗೊತ್ತಿತ್ತು! ಗೆದ್ದೆವು ಅಂದುಕೊಳ್ಳುವಷ್ಟರಲ್ಲಿ ಕ್ಯಾಪಿಲರಿ ಹಳದಿಗೆ ತಿರುಗಿತು, ನೋಡನೋಡುತ್ತಾ ಕಂದು. ಮೇಷ್ಟ್ರು ಉಳಿದ ಪುಡಿಯಲ್ಲಿ ಒಂದು ಚಿಟಿಕೆಯನ್ನು ಸ್ಪಾಚುಲಾ ಮೇಲೆ ಇಟ್ಟು ಬರ್ನರಿಗೆ ಹಿಡಿದರು. ಇಡೀ ಲ್ಯಾಬ್ ಪಾಕ ಸೀದ ವಾಸನೆ.

‘ಏನಯ್ಯಾ, ಯಾರ ಮನೆ ಮದುವೆ?’

ಬೈಗುಳ ಅಷ್ಟೇ. ಶಿಕ್ಷೆ ಬೇರೆ ಇತ್ತು. ಹೊಸ ಫ್ಲಾಸ್ಕ್ ಇಟ್ಟರು, ಒಂದು ನೋಟ್‌ಬುಕ್ ಕೊಟ್ಟರು. ‘ಕ್ಲಾಸಿನ ಹಾಜರಿ ನಾನು ತಗೋತೀನಿ. ಇನ್ನು ಹತ್ತು ದಿನ ಬಿಸಿಲಿನ ಹಾಜರಿ ನೀವು ತಗೋಳಿ.’ ಅರ್ಧ ಗಂಟೆಗೊಮ್ಮೆ ತಾರಸಿಗೆ ಹೋಗಿ ಬರೆಯಬೇಕು: 9:30, ಮಂಜು. 10:00, ತೆಳು ಬಿಸಿಲು. 10:30, ಬಿಸಿಲು. ಐದನೇ ದಿನ ಮಧ್ಯಾಹ್ನ, ಗಾಜಿನ ಒಳಮೈಗೆ ಸೂಜಿಯ ಮೊನೆಯಷ್ಟು ಏನೋ ಅಂಟಿತ್ತು. ಸಂಜೆಗೆ ಹತ್ತು, ಮರುದಿನ ಎಣಿಸಲಾರದಷ್ಟು. ಬೆಂಕಿಯಿಲ್ಲದೆ, ಕಲಕದೆ, ಬರೀ ಬಿಸಿಲು ಬಿದ್ದಿದ್ದಕ್ಕೆ. ಇಷ್ಟೆಲ್ಲಾ ಓದಿದ ಮೇಲೂ ಆ ಮೊದಲ ಚುಕ್ಕೆ ನೆನೆದರೆ ಮೈ ಜುಮ್ಮೆನ್ನುತ್ತೆ. ಆ ಒಂದು ಹನಿ ಅಸಿಟಿಕ್ ಆಸಿಡ್ ಯಾಕೆ ಅಂತ ಅವತ್ತೇ ಕೇಳಿದೆ. ಗಾಜಿನಲ್ಲಿ ಚೂರು ಕ್ಷಾರ ಇರುತ್ತೆ, ಅದು ಸಾಕು ಆದ ಹರಳನ್ನು ಮತ್ತೆ ಒಡೆಯೋಕೆ. ‘ಒಳ್ಳೇ ಪ್ರಶ್ನೆ’ ಅಂದರು. ಅರ್ಧ ಹನಿ ಬಿತ್ತು.

ಉಳಿದ ಕಥೆ ಬೇಗ ಹೇಳುತ್ತೇನೆ. ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಬೆಂಗಳೂರಿಗೆ ಬಂದಾಗ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ರಾಮಮೂರ್ತಿ ಮತ್ತು ವೆಂಕಟೇಶನ್ ಅವರ ಗುಂಪು ಕೂಮರಿನ್ ಅನ್ನೋ ಸಾವಯವ ವಸ್ತುವಿನ ಹರಳುಗಳಿಗೆ ಬೆಳಕು ಹಾಯಿಸುತ್ತಿತ್ತು. ಹರಳಿನೊಳಗೆ ಅಕ್ಕಪಕ್ಕದ ಅಣುಗಳ ಎರಡು ಡಬಲ್ ಬಾಂಡ್ (ಪರಮಾಣುಗಳ ಜೋಡಿ ಬಂಧ) ಸುಮಾರು 4.2 ಆಂಗ್‌ಸ್ಟ್ರಮ್ (ಅಣುಗಳ ದೂರ ಅಳೆಯೋ ಪುಟ್ಟ ಮಾನ) ಒಳಗಿದ್ದರೆ ಮಾತ್ರ ಕೂಡಿಕೊಳ್ಳುತ್ತವೆ ಅನ್ನೋದು ಇಸ್ರೇಲಿನ ವಿಜ್ಞಾನಿ ಷ್ಮಿಟ್ ಕಾಲದಿಂದ ಬಂದ ನಿಯಮ. ಇವರ 7-ಕ್ಲೋರೊಕೂಮರಿನ್ 4.45ರಲ್ಲಿ ಕೂತೂ ಕೂಡಿಕೊಂಡುಬಿಟ್ಟಿತು. ಕ್ಯಾಂಟೀನಿನಲ್ಲಿ ಅದರದ್ದೇ ಮಾತು. ನಾನು ಮೊದಲು ಕಲಿತ ಕೆಲಸ ಮಾತ್ರ ಬೆಳಕು ಎಣಿಸೋದು. ಕೆಂಪು ಬಲ್ಬಿನ ಮಂದ ಬೆಳಕಿನಲ್ಲಿ ಫೆರ್ರಿಆಕ್ಸಲೇಟ್ ಅನ್ನೋ, ಬೆಳಕು ಬಿದ್ದರೆ ಬದಲಾಗುವ ಕಬ್ಬಿಣದ ಲವಣದ ದ್ರಾವಣ ಮಾಡಿ, ದೀಪದ ಮುಂದೆ ಇಟ್ಟು, ಎಷ್ಟು ಕಬ್ಬಿಣ ಬದಲಾಯಿತು ಅಂತ ಅಳೆದರೆ ದೀಪ ಎಷ್ಟು ಫೋಟಾನ್, ಅಂದರೆ ಬೆಳಕಿನ ಕಣ, ಕೊಟ್ಟಿತು ಅನ್ನೋದು ಸಿಗುತ್ತೆ. ಜೊತೆಯವರಿಗೆ ಬೇಜಾರಿನ ಕೆಲಸ. ನನಗೆ ಅಭ್ಯಾಸ ಇತ್ತಲ್ಲ, ಹಾಜರಿ ತಗೊಂಡು.

ಆಮೇಲೆ ಉಲ್ಟಾ ಹೊಡೆದೆ. ಬೆಳಕು ಹಾಕಿ ಕ್ರಿಯೆ ಮಾಡಿಸೋದು ಬಿಟ್ಟು, ಕ್ರಿಯೆಯಿಂದ ಬೆಳಕು ಬರಿಸೋ ಕೆಲಸ, ಕೆಮಿಲ್ಯುಮಿನೆಸೆನ್ಸ್. ಎರಡು ಕಾರ್ಬನ್, ಎರಡು ಆಕ್ಸಿಜನ್ ಸೇರಿದ ಪುಟ್ಟ ಚೌಕ, ಡೈಆಕ್ಸಿಟೇನ್. 1969ರಲ್ಲಿ ಕೆನಡಾದ ಕೊಪೆಕಿ ಮತ್ತು ಮಮ್‌ಫರ್ಡ್ ಮೊದಲು ಅದನ್ನು ಕೈಗೆ ಸಿಗುವಂತೆ ಮಾಡಿದ್ದು. ಬಿಗಿದ ಚೌಕ ಎರಡಾಗಿ ಒಡೆಯುವಾಗ ಒಂದು ತುಂಡು ಹೆಚ್ಚುವರಿ ಶಕ್ತಿ ಹೊತ್ತು ಹುಟ್ಟಬಹುದು, ಬೆಳಕು ಬಿಟ್ಟು ತಣ್ಣಗಾಗುತ್ತೆ. ಎಡವಟ್ಟಾದರೆ ಬೆಳಕಿನ ಬದಲು ಫ್ಲಾಸ್ಕೇ ಸಿಡಿಯುತ್ತೆ. ನನ್ನ ಎಡಗೈ ಮೇಲೊಂದು ಗುರುತಿದೆ. ಪ್ರಶಸ್ತಿಯೂ ಒಂದಿದೆ, ಅದನ್ನು ಬರೆಯಬೇಡಿ ಅಂತ ಹೆಂಡತಿ ಹೇಳಿದ್ದಾಳೆ.

1991ರಲ್ಲಿ ಊರಿಗೆ ಬಂದಾಗ ಲ್ಯೂಮಿನಾಲ್ ತಂದಿದ್ದೆ, ಕ್ರಿಯೆಯಲ್ಲಿ ನೀಲಿ ಬೆಳಕು ಬಿಡುವ ಪುಡಿ. ಮೇಷ್ಟ್ರ ರಿಟೈರ್‌ಮೆಂಟ್ ಹತ್ತಿರವಿತ್ತು. ಲ್ಯಾಬಿನ ಕಿಟಕಿ ಮುಚ್ಚಿ, ಕತ್ತಲಲ್ಲಿ ಪೆರಾಕ್ಸೈಡೂ ಫೆರ್ರಿಸೈನೈಡೂ ಸೇರಿಸಿದೆ. ಬೀಕರ್ ತುಂಬ ನೀಲಿ. ಹುಡುಗರು ಚಪ್ಪಾಳೆ ತಟ್ಟಿದರು. ನಾನೂ ಸ್ವಲ್ಪ ಉಬ್ಬಿದೆ ಅನ್ನಿ. ಕತ್ತಲಿಂದ ಮೇಷ್ಟ್ರ ದನಿ ಬಂತು.

‘ಎಷ್ಟು?’

‘ನೂರು ಅಣುವಿಗೆ ಸುಮಾರು ಒಂದು ಫೋಟಾನ್, ಸರ್.’

‘ಉಳಿದ ತೊಂಬತ್ತೊಂಬತ್ತು?’

‘ಬಿಸಿಯಾಗಿ ಹೋದವು ಸರ್.’

‘ಹೋದವು ಅಂದ್ರೆ? ಯಾವ ದಾರೀಲಿ?’

ಆ ಪ್ರಶ್ನೆ ಹಿಂದೆ ನನ್ನ ಹದಿನೈದು ವರ್ಷ ಹೋಯಿತು. ಪೂರ್ತಿ ಉತ್ತರ ಈಗಲೂ ನನ್ನ ಹತ್ತಿರ ಇಲ್ಲ. ಮಿಂಚುಹುಳದ್ದು ಪುಸ್ತಕಗಳಲ್ಲಿ ನೂರು ಅಣುವಿಗೆ 88 ಫೋಟಾನ್ ಅಂತಿತ್ತು, 2008ರಲ್ಲಿ ಜಪಾನಿನವರು ಮತ್ತೆ ಅಳೆದು 41 ಅಂದರು. ಮೇಷ್ಟ್ರಿಗೆ ಕಾಗದ ಬರೆದೆ. ನಮ್ಮೂರ ಮಳೆಗಾಲದ ಮುಂಚಿನ ಮಿಂಚುಹುಳಕ್ಕೆ ಅರ್ಧಕ್ಕರ್ಧ ಮಾರ್ಕ್ಸ್ ಕಟ್ ಆಯ್ತು ಸರ್ ಅಂತ. ಕಾರ್ಡಿನಲ್ಲಿ ಉತ್ತರ ಬಂತು, ಒಂದೇ ಸಾಲು: ‘ಅಳತೆಯ ಯಂತ್ರಕ್ಕೆ ಯಾರು ಹಾಜರಿ ತಗೊಂಡರು?’

ಹೋದ ತಿಂಗಳು ಮೇಷ್ಟ್ರ ನೆನಪಿನ ಸಭೆಗೆ ನಾವು ಹನ್ನೊಂದು ಜನ ಸೇರಿದ್ದೆವು. ಗೆಳೆಯ ಸಿಕ್ಕವನೇ ‘ನಲವತ್ತು ವರ್ಷ ಏನ್ ಮಾಡ್ದೆ ಮಾರಾಯ, ಒಂದ್ಸಲ ಅರ್ಥ ಆಗೋ ಹಾಗೆ ಹೇಳು’ ಅಂದ. ಅವನ ಜೇಬಿನಲ್ಲಿ ಥೈರಾಯ್ಡ್ ರಿಪೋರ್ಟ್ ಇತ್ತು. ಟಿಎಸ್ಎಚ್ ಅಂತ ಬರೆದ ಕೆಳಗೆ ಸಣ್ಣಕ್ಷರದಲ್ಲಿ ಸಿಎಲ್ಐಎ. ಅದೇ ನೋಡು, ಆ ಸಿಎಲ್ ಅಂದ್ರೆ ಕೆಮಿಲ್ಯುಮಿನೆಸೆನ್ಸ್, ನಿನ್ನ ರಕ್ತದ ಹನಿಗೆ ಬೆಳಕು ಬರಿಸಿ ಎಣಿಸ್ತಾರೆ, ಕೆಲವು ಯಂತ್ರದಲ್ಲಿ ನನ್ನ ಡೈಆಕ್ಸಿಟೇನಿನ ದಾಯಾದಿಗಳೇ ಇರೋದು ಅಂದೆ. ಅವನು ರಿಪೋರ್ಟ್ ಮಡಚಿಟ್ಟುಕೊಂಡು, ‘ಹಾಗಾದ್ರೆ ಬಿಲ್ಲಲ್ಲಿ ನಿಂಗೂ ಪಾಲು ಇದೆ ಅನ್ನು’ ಅಂದ.

ಲ್ಯಾಬ್ ಈಗ ಚೆನ್ನಾಗಿದೆ, ಟೈಲ್ಸ್ ಹಾಕಿದ್ದಾರೆ. ಬೇಜಾರಾಗಿದ್ದು ಒಂದಕ್ಕೆ. ಮಕ್ಕಳ ರೆಕಾರ್ಡ್ ಪುಸ್ತಕ ತೆಗೆದು ನೋಡಿದೆ, ಇಪ್ಪತ್ತು ಜನರದ್ದೂ ಒಂದೇ ರೀಡಿಂಗ್, ಒಂದೇ ಮೆಲ್ಟಿಂಗ್ ಪಾಯಿಂಟ್. ಹೋದ ವರ್ಷದ್ದನ್ನೇ ಇಳಿಸಿಕೊಂಡಿದ್ದಾರೆ. ಮಕ್ಕಳನ್ನು ಬೈದು ಏನು ಬಂತು, ಸೆಮಿಸ್ಟರ್, ಇಂಟರ್ನಲ್ಸು, ಅಸೈನ್‌ಮೆಂಟು, ಉಸಿರು ಬಿಡೋಕೆ ಟೈಮಿಲ್ಲ. ಫ್ಲಾಸ್ಕ್ ಇಟ್ಟು ಐದು ದಿನ ಕಾಯಿ ಅಂದರೆ ಯಾರು ಕಾಯ್ತಾರೆ? ಕಲ್ಲುಸಕ್ಕರೆ ಹಾಕೋ ಉಮೇದಾದರೂ ಇರಬೇಡವಾ?

ಹೊರಡುವ ಮುಂಚೆ ಅಲ್ಲೇ ಬೆಂಜೊಫಿನೋನ್ ಕರಗಿಸಿ, ಒಂದು ಹನಿ ಅಸಿಟಿಕ್ ಆಸಿಡ್ ಬಿಟ್ಟು, ತಾರಸಿಯಲ್ಲಿ ಇಟ್ಟು ಬಂದೆ. ಎರಡನೇ ವರ್ಷದ ಇಬ್ಬರು ಹುಡುಗಿಯರು ಮೊಬೈಲಿನಲ್ಲಿ ದಿನಾ ಫೋಟೋ ಕಳಿಸುತ್ತೇವೆ ಅಂದರು. ಮೊನ್ನೆ ಮೆಸೇಜ್ ಬಂತು: ‘ಸರ್, ಇವತ್ತೂ ಮಂಜು. ಏನೂ ಆಗಿಲ್ಲ.’ ಫೋಟೋ ಎರಡೆರಡು ಸಲ ದೊಡ್ಡದು ಮಾಡಿ ನೋಡಿದೆ. ನಿಜವಾಗಿಯೂ ಏನೂ ಆಗಿರಲಿಲ್ಲ. ಟೈಮ್ ಹಾಕಿಲ್ಲ, ಎಷ್ಟು ಗಂಟೆಗೆ ತೆಗೆದಿದ್ದು ಅಂತ ಕೇಳಿದ್ದೇನೆ.